ಕತ್ತರಿ ಹಾಕಿದರೂ ಉಳಿಯುವ ಪಾತ್ರಗಳು: ಸೈ-ಫೈನಲ್ಲಿ ಎಲ್‌ಜಿಬಿಟಿಕ್ಯೂ ಜನ ಎಲ್ಲಿದ್ದಾರೆ?

ಎರಡನೇ ಚಂದ್ರ

ತುಂಬಾ ದಿನದಿಂದ ಮನಸ್ಸಿನಲ್ಲಿದ್ದ ಮಾತು. ಇವತ್ತು ಬರೆದೇ ಬಿಡುತ್ತೇನೆ.

ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಸೈ-ಫೈ ಓದುತ್ತಿದ್ದೇನೆ, ನೋಡುತ್ತಿದ್ದೇನೆ. ಬೆಳಕಿಗಿಂತ ವೇಗವಾಗಿ ಓಡುವ ಹಡಗನ್ನು ಒಪ್ಪಿಕೊಂಡಿದ್ದೇನೆ. ಹೊಟ್ಟೆಯೊಳಗೆ ಇನ್ನೊಂದು ಜೀವಿಯನ್ನು ಇಟ್ಟುಕೊಂಡು, ಅದರ ಹಿಂದಿನ ಜನ್ಮಗಳ ನೆನಪನ್ನೂ ಹೊತ್ತು ತಿರುಗುವವರನ್ನು ಒಪ್ಪಿಕೊಂಡಿದ್ದೇನೆ. ಆದರೆ ಅದೇ ಹಡಗಿನಲ್ಲಿ ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗಾಗಿ ಕಾದು ಕೂತಿರುವುದನ್ನು ತೋರಿಸಲು ಎಷ್ಟು ಕಾಲ ಹಿಡಿಯಿತು ನೋಡಿ. ಸ್ಟಾರ್ ಟ್ರೆಕ್ ಟಿವಿಯಲ್ಲಿ ಶುರುವಾಗಿದ್ದು 1966ರಲ್ಲಿ. ಆ ಹೆಸರಿನ ಸೀರೀಸ್ ಒಂದರ ಮುಖ್ಯ ಪಾತ್ರಗಳಲ್ಲಿ ಗೇ ಜೋಡಿ ಬಂದಿದ್ದು 2017ರಲ್ಲಿ, ಡಿಸ್ಕವರಿಯಲ್ಲಿ. ಮಧ್ಯೆ 51 ವರ್ಷ. ಯಾರೂ ಯೋಚಿಸಿರಲಿಲ್ಲ ಅಂತಲ್ಲ. 1987ರಲ್ಲಿ ಸ್ಟಾರ್ ಟ್ರೆಕ್‌ನದೇ ಇನ್ನೊಂದು ಸೀರೀಸ್ ನೆಕ್ಸ್ಟ್ ಜನರೇಶನ್ ಶುರುವಾದಾಗಲೇ ಬರಹಗಾರ ಡೇವಿಡ್ ಜೆರಾಲ್ಡ್ ಒಂದು ಸ್ಕ್ರಿಪ್ಟ್ ಬರೆದಿದ್ದರು. ಏಡ್ಸ್ ಬಗ್ಗೆ ಆಗ ಇದ್ದ ಭಯವನ್ನು ಬೇರೆ ರೋಗದ ಹೆಸರಲ್ಲಿ ಹೇಳುವ ಕಥೆ. ಅದರಲ್ಲಿ ಒಂದು ಗೇ ಜೋಡಿ ಇತ್ತು. ಆ ಸೀರೀಸ್‌ನಲ್ಲಿ ಅದು ಚಿತ್ರೀಕರಣ ಆಗಲೇ ಇಲ್ಲ.

ನನ್ನ ಹತ್ತಿರ ಒಂದು ಅಳತೆಗೋಲು ಇದೆ. ಕತ್ತರಿ ಪರೀಕ್ಷೆ ಅಂತ ಕರೆಯುತ್ತೇನೆ. ಆ ಪಾತ್ರ ಸಲಿಂಗಿ ಅಥವಾ ಟ್ರಾನ್ಸ್ ಎಂದು ಗೊತ್ತಾಗುವ ದೃಶ್ಯವನ್ನು ಕತ್ತರಿಸಿ ತೆಗೆಯಿರಿ. ಕಥೆಗೆ ಏನೂ ಆಗಲಿಲ್ಲವಾ? ಹಾಗಾದರೆ ಆ ಪಾತ್ರವನ್ನು ಯಾರೂ ಒಳಗೆ ಕರೆದಿರಲೇ ಇಲ್ಲ. ಹೊಸ್ತಿಲ ಹೊರಗೆ ನಿಲ್ಲಿಸಿ ಫೋಟೊ ತೆಗೆದಿದ್ದಾರೆ ಅಷ್ಟೇ.

2019ರ ಸ್ಟಾರ್ ವಾರ್ಸ್ ಚಿತ್ರ, ದಿ ರೈಸ್ ಆಫ್ ಸ್ಕೈವಾಕರ್. ಕೊನೆಯ ಸಂಭ್ರಮದ ಗದ್ದಲದಲ್ಲಿ ಇಬ್ಬರು ಹೆಂಗಸರು ಒಂದು ಕ್ಷಣ ಮುತ್ತಿಡುತ್ತಾರೆ. ಸಿಂಗಾಪುರದಲ್ಲಿ ಅದನ್ನು ಕತ್ತರಿಸಿ ತೋರಿಸಿದರು. ಅಲ್ಲಿನ ಪ್ರೇಕ್ಷಕರಿಗೆ ಏನೋ ಬಿಟ್ಟುಹೋಗಿದೆ ಎಂದು ಅನಿಸಲು ಕಾರಣವೇ ಇರಲಿಲ್ಲ. ಎಲ್ಲಿ ಕತ್ತರಿಸಬೇಕೋ ಅಲ್ಲಿ ಮೊದಲೇ ಗೆರೆ ಎಳೆದು ಕೊಟ್ಟ ಹಾಗಿತ್ತು.

ಈಗ ಬ್ಲ್ಯಾಕ್ ಮಿರರ್‌ನ ಸ್ಯಾನ್ ಜುನಿಪೆರೊ ನೋಡಿ. 2016ರ ಎಪಿಸೋಡ್, ಮರುವರ್ಷ ಎರಡು ಎಮ್ಮಿ ಬಂತು. ಯಾರ್ಕಿ ತಾನು ಯಾರೆಂದು ಅಪ್ಪ ಅಮ್ಮನಿಗೆ ಹೇಳಿದ ರಾತ್ರಿಯೇ ಕಾರು ಅಪಘಾತವಾಗಿ, 21ನೇ ವಯಸ್ಸಿಗೆ ಹಾಸಿಗೆ ಹಿಡಿದವಳು. ನಲವತ್ತು ವರ್ಷ ಹಾಗೇ ಕಳೆದಿದೆ. ಕಂಪ್ಯೂಟರ್ ಒಳಗಿನ ಒಂದು ಊರಲ್ಲಿ ಮಾತ್ರ ಅವಳು ಕುಣಿಯಬಲ್ಲಳು, ಕೆಲ್ಲಿ ಎಂಬ ಹುಡುಗಿಯ ಕೈ ಹಿಡಿಯಬಲ್ಲಳು. ಇಲ್ಲಿ ತಂತ್ರಜ್ಞಾನವೇ ಆ ಪ್ರೀತಿಗೆ ಬದುಕಲು ಜಾಗ ಕೊಟ್ಟಿದೆ. ಪ್ರೀತಿ ತೆಗೆದರೆ ಸೈ-ಫೈ ಕೂಡ ಹೋಗುತ್ತದೆ. ಎಲ್ಲಿ ಕತ್ತರಿ ಹಾಕುತ್ತೀರಿ?

ಮಕ್ಕಳ ಚಿತ್ರ ಲೈಟ್‌ಇಯರ್ ಕೂಡ (2022) ಈ ಪರೀಕ್ಷೆಯಲ್ಲಿ ಗೆದ್ದಿದೆ ಎಂದೇ ನನ್ನ ಲೆಕ್ಕ. ಗಗನಯಾತ್ರಿ ಬಝ್ ಒಂದು ಪರೀಕ್ಷಾ ಹಾರಾಟ ಮುಗಿಸಿ ಬರುವಷ್ಟರಲ್ಲಿ ಅವನಿಗೆ ಕೆಲವೇ ನಿಮಿಷ ಕಳೆದಿರುತ್ತದೆ, ಕೆಳಗಿದ್ದವರಿಗೆ ನಾಲ್ಕು ವರ್ಷ. ಪ್ರತಿ ಸಲ ಇಳಿದಾಗ ಗೆಳತಿ ಅಲಿಶಾ ಬದಲಾಗಿರುತ್ತಾಳೆ. ಒಬ್ಬಳನ್ನು ಮೆಚ್ಚಿದಳು, ಮದುವೆಯಾದಳು, ಮಗ ಹುಟ್ಟಿದ, ಕೂದಲು ಬೆಳ್ಳಗಾಯಿತು. ಸಾಪೇಕ್ಷತಾ ಸಿದ್ಧಾಂತ ಅಂದರೆ ಏನು ಎಂದು ಮಗುವಿಗೆ ಅರ್ಥವಾಗುವುದು ಆ ಇಬ್ಬರು ಹೆಂಗಸರ ಸಂಸಾರ ನೋಡಿ. ಅದರಲ್ಲಿನ ಮುತ್ತಿನ ದೃಶ್ಯವನ್ನು ಮೊದಲು ತೆಗೆದುಹಾಕಿದ್ದರು. ಪಿಕ್ಸಾರ್‌ನ ಉದ್ಯೋಗಿಗಳು ದನಿ ಎತ್ತಿದ ಮೇಲೆ ವಾಪಸ್ ಬಂತು. ಯುಎಇ ಸೇರಿ ಹಲವು ದೇಶಗಳಲ್ಲಿ ಚಿತ್ರ ಬಿಡುಗಡೆಯೇ ಆಗಲಿಲ್ಲ.

ನಿಮ್ಮ ಅನುಭವ ಏನು? ಒಪ್ಪದವರೂ ಬರೆಯಿರಿ.

ಗುರುತ್ವ

ಒಪ್ಪದವನು ನಾನೇ. ಯಾರ ಮೇಲೂ ದ್ವೇಷವಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ಸೈ-ಫೈ ನೋಡುವುದು ವಿಜ್ಞಾನಕ್ಕಾಗಿ. ಕಪ್ಪುಕುಳಿಯ ಹತ್ತಿರ ಹೋದರೆ ಏನಾಗುತ್ತದೆ, ಬೇರೆ ಗ್ರಹದಲ್ಲಿ ಜೀವ ಹೇಗಿರುತ್ತದೆ, ಇದು ನನಗೆ ಬೇಕು. ಯಾರು ಯಾರನ್ನು ಪ್ರೀತಿಸುತ್ತಾರೆ ಅನ್ನುವುದನ್ನು ಎಲ್ಲ ಕಡೆ ಯಾಕೆ ತುರುಕಬೇಕು?

ಇನ್ನೊಂದು. 2016ರ ಸ್ಟಾರ್ ಟ್ರೆಕ್ ಬಿಯಾಂಡ್‌ನಲ್ಲಿ ಹಡಗಿನ ಪೈಲಟ್ ಸುಲು ಎಂಬವನಿಗೆ ಗಂಡ ಇದ್ದಾನೆ ಎಂದು ತೋರಿಸಿದರು. ಮೊದಲ ಸುಲು ಆಗಿದ್ದ ಜಾರ್ಜ್ ಟಕೇ ಸ್ವತಃ ಗೇ, 2005ರಲ್ಲಿ ಎಲ್ಲರೆದುರು ಹೇಳಿಕೊಂಡವರು. ಅವರೇ ಇದನ್ನು ಒಪ್ಪಲಿಲ್ಲ. ಹಳೇ ಪಾತ್ರ ಬದಲಿಸುವ ಬದಲು ಹೊಸ ಪಾತ್ರ ಮಾಡಿ ಎಂದರು. ಅವರಿಗಿಂತ ಜಾಸ್ತಿ ಹಕ್ಕು ಇನ್ಯಾರಿಗಿದೆ?

ಎರಡನೇ ಚಂದ್ರ

ಗುರುತ್ವ ಅವರೇ, ಟಕೇ ಮಾತಿಗೆ ತೂಕ ಇದೆ, ಒಪ್ಪುತ್ತೇನೆ. ಆ ಚಿತ್ರದ ಬರಹಗಾರರಲ್ಲಿ ಒಬ್ಬರಾದ ಸೈಮನ್ ಪೆಗ್ ಅದಕ್ಕೆ ಉತ್ತರ ಕೊಟ್ಟಿದ್ದರು. ಹೊಸ ಪಾತ್ರ ತಂದಿದ್ದರೆ ಎಲ್ಲರೂ ಅದನ್ನು ‘ಆ ಗೇ ಪಾತ್ರ’ ಎಂದೇ ನೋಡುತ್ತಿದ್ದರು ಎನ್ನುವುದು ಅವರ ವಾದ. ನಾವು ಮೊದಲೇ ಬಲ್ಲ, ಇಷ್ಟಪಟ್ಟ ಒಬ್ಬ ಪೈಲಟ್‌ಗೆ ಮನೆಯಲ್ಲಿ ಗಂಡ ಮತ್ತು ಮಗಳು ಇದ್ದಾರೆ, ಅಷ್ಟೇ ವಿಷಯ. ನನಗೆ ಪೆಗ್ ಕಾರಣ ಸರಿ ಅನಿಸುತ್ತದೆ. ಆದರೆ ಟಕೇ ನೋವು ಸುಳ್ಳಲ್ಲ. ಅರ್ಧ ಶತಮಾನ ಅವರ ಹೆಸರಿನ ಜೊತೆ ಬೆಸೆದುಕೊಂಡಿದ್ದ ಪಾತ್ರ ಅದು.

‘ತುರುಕುವುದು’ ಅನ್ನುವ ಮಾತಿಗೆ ಮಾತ್ರ ನಾನು ತಲೆ ಆಡಿಸಲಾರೆ. ಕ್ಯಾಪ್ಟನ್ ಮೇಜಿನ ಮೇಲೆ ಹೆಂಡತಿಯ ಫೋಟೊ ಇರುತ್ತದೆ. ಉಡಾವಣೆಗೆ ಮುಂಚೆ ಗಗನಯಾತ್ರಿ ಹೆಂಡತಿಗೆ ಫೋನ್ ಮಾಡುತ್ತಾನೆ. ಸಾಯುವ ಮುಂಚೆ ಹುಡುಗಿಯ ಹೆಸರು ಹೇಳುತ್ತಾನೆ. ಕಪ್ಪುಕುಳಿಯ ಕಥೆಗೆ ಇದರಲ್ಲಿ ಯಾವುದೂ ಬೇಕಿಲ್ಲ. ಆದರೂ ಯಾರೂ ಕಾರಣ ಕೇಳುವುದಿಲ್ಲ. ಆ ಫೋಟೊದಲ್ಲಿ ಗಂಡ ಇದ್ದ ದಿನ ಮಾತ್ರ ಕೇಳುತ್ತೇವೆ.

ಹಳೇಪುಟ

ನೀವೆಲ್ಲ ಪರದೆಯ ಬಗ್ಗೆ ಮಾತಾಡುತ್ತಿದ್ದೀರಿ. ಪುಸ್ತಕಗಳ ಕಡೆಗೂ ಸ್ವಲ್ಪ ಬನ್ನಿ. ಅಲ್ಲಿ ಈ ಜನ ಯಾವತ್ತೋ ಬಂದು ಕೂತಿದ್ದಾರೆ.

1953ರಲ್ಲಿ ಥಿಯೊಡರ್ ಸ್ಟರ್ಜನ್ ಒಂದು ಕಥೆ ಬರೆದರು, ದಿ ವರ್ಲ್ಡ್ ವೆಲ್ ಲಾಸ್ಟ್. ಬೇರೆ ಗ್ರಹದ ಒಂದು ಪ್ರೇಮಿಗಳ ಜೋಡಿ ಭೂಮಿಗೆ ಓಡಿ ಬರುತ್ತದೆ. ಭೂಮಿಯವರೆಲ್ಲ ಆ ಜೋಡಿಗೆ ಮರುಳಾಗುತ್ತಾರೆ. ಅವರ ಗ್ರಹ ಮಾತ್ರ ವಾಪಸ್ ಕಳಿಸಿ ಎನ್ನುತ್ತದೆ. ಕರೆದೊಯ್ಯುವ ಹಡಗಿನಲ್ಲಿ ಇಬ್ಬರೇ ಗಂಡಸರು. ಅದರಲ್ಲಿ ಮಾತೇ ಆಡದ ಒಬ್ಬನ ಮನಸ್ಸಿನ ಗುಟ್ಟು ಈ ಪ್ರೇಮಿಗಳಿಗೆ ತಿಳಿದುಬಿಡುತ್ತದೆ. ಮುಂದೆ ಹೇಳುವುದಿಲ್ಲ, ಓದಿ. ಹಾಲಿವುಡ್‌ನಲ್ಲಿ ಆಗ ಹೇಸ್ ಕೋಡ್ ಇತ್ತು, ಅಂದರೆ ಪರದೆಯ ಮೇಲೆ ಏನು ತೋರಿಸಬಾರದು ಎಂಬ ನಿಯಮಾವಳಿ, 1934ರಿಂದ 1968ರ ತನಕ. ಪರದೆಯ ಮೇಲೆ ಇಂಥ ಕಥೆಗೆ ಬಾಗಿಲು ಪೂರ್ತಿ ಮುಚ್ಚಿತ್ತು. ಒಂದು ಅಗ್ಗದ ಪತ್ರಿಕೆಯಲ್ಲಿ ಅದು ಅಚ್ಚಾಯಿತು.

1967ರಲ್ಲಿ ಸ್ಯಾಮುಯೆಲ್ ಡೆಲಾನಿ. ಕಪ್ಪು ಜನಾಂಗದ ಗೇ ಲೇಖಕ. ಬಾಹ್ಯಾಕಾಶದಲ್ಲಿ ಕೆಲಸ ಮಾಡಲೆಂದು ಚಿಕ್ಕಂದಿನಲ್ಲೇ ಲಿಂಗ ಕಳೆದುಕೊಂಡವರ ಬಗ್ಗೆ, ಅವರನ್ನೇ ಬಯಸುವವರ ಬಗ್ಗೆ ಬರೆದ ಸಣ್ಣ ಕಥೆಗೆ ನೆಬ್ಯುಲಾ ಪ್ರಶಸ್ತಿ ಬಂತು. 1969ರಲ್ಲಿ ಉರ್ಸುಲಾ ಲೆ ಗ್ವಿನ್ ಅವರ ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್. ಅದಕ್ಕೆ ಹ್ಯೂಗೊ, ನೆಬ್ಯುಲಾ ಎರಡೂ. 1975ರಲ್ಲಿ ಜೋಆನಾ ರಸ್ ಅವರ ದಿ ಫೀಮೇಲ್ ಮ್ಯಾನ್.

ಪುಸ್ತಕ ಯಾಕೆ ಮುಂದೆ ಹೋಯಿತು ಅಂದರೆ, ಒಬ್ಬ ಬರಹಗಾರ, ಒಬ್ಬ ಸಂಪಾದಕ ಧೈರ್ಯ ಮಾಡಿದರೆ ಸಾಕು. ಟಿವಿಗೆ ಜಾಹೀರಾತುದಾರ ಬೇಕು, ಚಾನೆಲ್ ಬೇಕು. ಎಲ್ಲರೂ ಹೂಂ ಅನ್ನಬೇಕು.

ಇನ್ನೊಂದು ಮಾತು, ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ. ಜೇಮ್ಸ್ ಟಿಪ್‌ಟ್ರೀ ಜೂನಿಯರ್ ಎಂಬ ಹೆಸರಲ್ಲಿ ಒಬ್ಬರು ಬರೆಯುತ್ತಿದ್ದರು. ಈ ಬರಹದ ದನಿ ಗಂಡಸಿನದೇ, ಸಂಶಯವೇ ಬೇಡ ಎಂಬರ್ಥದಲ್ಲಿ 1975ರಲ್ಲಿ ಲೇಖಕ ರಾಬರ್ಟ್ ಸಿಲ್ವರ್‌ಬರ್ಗ್ ಟಿಪ್‌ಟ್ರೀ ಪುಸ್ತಕಕ್ಕೆ ಮುನ್ನುಡಿ ಬರೆದರು. ಎರಡು ವರ್ಷದಲ್ಲಿ ಗೊತ್ತಾಯಿತು, ಟಿಪ್‌ಟ್ರೀ ಅಂದರೆ ಆಲಿಸ್ ಶೆಲ್ಡನ್ ಎಂಬ ಹೆಂಗಸು. ಲಿಂಗವನ್ನು ದನಿಯಲ್ಲಿ ಕೇಳುತ್ತೇವೆ ಎಂದು ನಂಬಿದವರು ಚಿಕ್ಕವರಲ್ಲ.

ರಾತ್ರಿಪಾಳಿ

ಎರಡನೇ ಚಂದ್ರ ಅವರೇ, ನಿಮ್ಮ ಕತ್ತರಿ ಪರೀಕ್ಷೆ ಓದಿದೆ. ಎರಡು ದಿನ ಸುಮ್ನೆ ಇದ್ದೆ. ಒಪ್ಪಿಗೆ ಆಗಲಿಲ್ಲ. ಯಾಕೆಂದು ಹೇಳುತ್ತೇನೆ.

ನಾನು ಗೇ. ಮನೆಯಲ್ಲಿ ಗೊತ್ತಾದದ್ದು ಬಹಳ ತಡವಾಗಿ. ಹದಿನೇಳನೇ ವಯಸ್ಸಲ್ಲಿ ನೆಕ್ಸ್ಟ್ ಜನರೇಶನ್‌ನ ದಿ ಔಟ್‌ಕಾಸ್ಟ್ ನೋಡಿದೆ. 1992ರ ಎಪಿಸೋಡ್. ಗಂಡು ಹೆಣ್ಣು ಎಂಬ ಭೇದವೇ ಇಲ್ಲದ ಒಂದು ಜನ. ಅವರಲ್ಲಿ ಸೋರೆನ್ ಮಾತ್ರ ತಾನು ಹೆಣ್ಣು ಎಂದುಕೊಂಡಿದ್ದಾಳೆ. ಆ ಸಮಾಜದಲ್ಲಿ ಅದು ರೋಗ. ವಿಚಾರಣೆಯಲ್ಲಿ ಅವಳು ಎದ್ದು ನಿಂತು ನನಗೆ ಯಾವ ಕಾಯಿಲೆಯೂ ಇಲ್ಲ ಎನ್ನುತ್ತಾಳೆ. ನಾನು ವಾಲ್ಯೂಮ್ ತಗ್ಗಿಸಿ, ಟಿವಿ ಹತ್ತಿರ ಕೂತು ಕೇಳಿದೆ. ಆಮೇಲೆ ಅವಳಿಗೆ ‘ಚಿಕಿತ್ಸೆ’ ಆಗುತ್ತದೆ. ಕೊನೆಯಲ್ಲಿ ಅವಳನ್ನು ಪ್ರೀತಿಸಿದ ಹಡಗಿನ ಅಧಿಕಾರಿ ರೈಕರ್ ಬಂದಾಗ ಅವಳು ಶಾಂತವಾಗಿ, ಈಗ ಸರಿಹೋಗಿದ್ದೇನೆ ಎನ್ನುತ್ತಾಳೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಅದು ನಿಮ್ಮ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆಯುತ್ತದೆ. ಸೋರೆನ್ ಇಲ್ಲದೆ ಕಥೆಯೇ ಇಲ್ಲ. ಆದರೆ ಅವಳಿಗೆ ಬದುಕೂ ಇಲ್ಲ. ಅವಳು ಇರುವುದು ನಮಗೆ ಪಾಠ ಕಲಿಸಲು, ಮತ್ತೆ ಅಳಿಸಿಹೋಗಲು. ಆ ಜನರ ಪಾತ್ರಗಳನ್ನೆಲ್ಲ ನಟಿಯರೇ ಮಾಡಿದ್ದರು. ಸೋರೆನ್ ಪಾತ್ರಕ್ಕೆ ಒಬ್ಬ ಗಂಡಸು ಇರಬೇಕಿತ್ತು ಎಂದು ರೈಕರ್ ಆಡಿದ ಜೊನಾಥನ್ ಫ್ರೇಕ್ಸ್ ಅವರೇ ಆಮೇಲೆ ಹೇಳಿದರು.

ಈಗ ಡಿಸ್ಕವರಿಗೆ ಬನ್ನಿ. ಅದರ ಗೇ ಜೋಡಿ ಸ್ಟಾಮೆಟ್ಸ್ ಮತ್ತು ಕಲ್ಬರ್. ಆಡಿದ ಇಬ್ಬರು ನಟರೂ ಗೇ. ಮೊದಲ ಸೀಸನ್‌ನಲ್ಲಿ ಒಂದು ದೃಶ್ಯ ಇದೆ. ಇಬ್ಬರೂ ಮಲಗುವ ಬಟ್ಟೆಯಲ್ಲಿ ಕನ್ನಡಿ ಮುಂದೆ ನಿಂತು ಹಲ್ಲುಜ್ಜುತ್ತಾರೆ. ದಿನದ ಮಾತು ಆಡುತ್ತಾರೆ. ಅಷ್ಟೇ. ಅದನ್ನು ಕತ್ತರಿಸಿದರೆ ಹಡಗು ನಿಲ್ಲುವುದಿಲ್ಲ, ಯುದ್ಧ ನಿಲ್ಲುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಅದು ಫೇಲ್. ನನಗೆ ಮಾತ್ರ ಇಷ್ಟು ವರ್ಷದ ಸೈ-ಫೈನಲ್ಲಿ ಅತಿ ಹತ್ತಿರದ ದೃಶ್ಯ ಅದೇ. ಮುಂದಿನ ಶತಮಾನದಲ್ಲೂ ನನ್ನಂಥವನು ಇರುತ್ತಾನೆ, ಅವನ ಪಕ್ಕ ಒಬ್ಬ ನಿಂತು ಹಲ್ಲುಜ್ಜುತ್ತಾನೆ ಎಂದು ಯಾರೂ ನನಗೆ ತೋರಿಸಿರಲಿಲ್ಲ.

ಆಮೇಲೆ ಅದೇ ಸೀಸನ್‌ನಲ್ಲಿ ಕಲ್ಬರ್‌ನ ಕತ್ತು ಮುರಿದು ಸಾಯಿಸಿದರು. ನನಗೆ ಹೊಸದೇನಲ್ಲ. 2016ರಲ್ಲಿ ದಿ 100 ಸೀರೀಸ್‌ನಲ್ಲಿ ಲೆಕ್ಸಾ ಕೂಡ ಹಾಗೇ ಸತ್ತಳು, ಗೆಳತಿ ಕ್ಲಾರ್ಕ್ ಜೊತೆ ಒಂದಾದ ಬೆನ್ನಲ್ಲೇ, ಕ್ಲಾರ್ಕ್‌ಗೆ ಇಟ್ಟ ಗುಂಡಿಗೆ. ಆಗ ಅಭಿಮಾನಿಗಳು ಸಿಟ್ಟನ್ನು ದುಡ್ಡಾಗಿ ಮಾಡಿ, ಎಲ್‌ಜಿಬಿಟಿಕ್ಯೂ ಹದಿಹರೆಯದವರ ಆತ್ಮಹತ್ಯೆ ತಡೆಯುವ ಟ್ರೆವರ್ ಪ್ರಾಜೆಕ್ಟ್‌ಗೆ ಕೊಟ್ಟರು. ಕಲ್ಬರ್ ಎರಡನೇ ಸೀಸನ್‌ನಲ್ಲಿ ವಾಪಸ್ ಬಂದ. ಆದರೆ ಆ ಒಂದು ವರ್ಷ ನಾನು ಆ ಸೀರೀಸ್ ಮುಟ್ಟಲಿಲ್ಲ.

ಎರಡನೇ ಚಂದ್ರ

ರಾತ್ರಿಪಾಳಿ ಅವರೇ, ನಿಮ್ಮ ಬರಹ ಮೂರು ಸಲ ಓದಿದೆ. ನನ್ನ ಪರೀಕ್ಷೆ ತಪ್ಪು.

ನಾನು ಕೇಳಿದ್ದು, ಈ ಪಾತ್ರ ಕಥೆಗೆ ಬೇಕಾ ಅಂತ. ಅಂದರೆ ಕೆಲಸಕ್ಕೆ ಬಂದರೆ ಮಾತ್ರ ಇರಲಿ ಎಂದ ಹಾಗಾಯಿತು. ಉಳಿದವರಿಗೆ ಆ ಷರತ್ತು ಇಲ್ಲ. ಅವರು ಹಡಗಿನ ತುಂಬಾ ಸುಮ್ನೆ ಕಾಫಿ ಕುಡಿಯುತ್ತಾರೆ, ಜಗಳ ಆಡುತ್ತಾರೆ, ಬರ್ತ್‌ಡೇ ಮರೆಯುತ್ತಾರೆ. ಗುರುತ್ವ ಅವರಿಗೆ ಫೋಟೊಗೆ ಕಾರಣ ಯಾಕೆ ಕೇಳುತ್ತೀರಿ ಎಂದು ಬರೆದವನು ನಾನೇ. ಅದಕ್ಕೆ ಮುಂಚಿನ ಬರಹದಲ್ಲಿ ನಾನೇ ಕಾರಣ ಕೇಳಿದ್ದೆ.

ಕತ್ತರಿ ಒಂದನ್ನು ಮಾತ್ರ ಹೇಳುತ್ತದೆ, ತಯಾರಿಸಿದವರಿಗೆ ಎಷ್ಟು ಹೆದರಿಕೆ ಇತ್ತು ಎಂದು. ಆ ಹೆದರಿಕೆ ಎಷ್ಟೋ ಸಲ ಚಿತ್ರೀಕರಣಕ್ಕೂ ಮುಂಚೆ ಕೆಲಸ ಮಾಡುತ್ತದೆ. ದಿ ಮೇಟ್ರಿಕ್ಸ್ (1999) ಚಿತ್ರದ ಸ್ವಿಚ್ ಪಾತ್ರ ಹೊರಗಿನ ಲೋಕದಲ್ಲಿ ಗಂಡು, ಮೇಟ್ರಿಕ್ಸ್ ಎಂಬ ಕಂಪ್ಯೂಟರ್ ಲೋಕದ ಒಳಗೆ ಹೆಣ್ಣು ಆಗಬೇಕಿತ್ತು ಎಂದು ಅದರ ನಿರ್ದೇಶಕರಲ್ಲಿ ಒಬ್ಬರಾದ ಲಿಲಿ ವಾಚೋವ್‌ಸ್ಕಿ 2020ರಲ್ಲಿ ಹೇಳಿದರು. ತೆರೆಗೆ ಬಂದಾಗ ಅದು ಉಳಿದಿರಲಿಲ್ಲ. ಆ ಚಿತ್ರ ಮಾಡಿದ ಇಬ್ಬರೂ ಮುಂದೆ ತಾವು ಟ್ರಾನ್ಸ್ ಎಂದು ಹೇಳಿಕೊಂಡರು, ಲಾನಾ 2012ರಲ್ಲಿ, ಲಿಲಿ 2016ರಲ್ಲಿ. ನಾವೆಲ್ಲ ಆ ಚಿತ್ರವನ್ನು ಎಷ್ಟು ಸಲ ನೋಡಿದ್ದೇವೆ ಅಲ್ವಾ? ಅವರು ತಮ್ಮ ಕಥೆಯನ್ನೇ ಹೇಳುತ್ತಿದ್ದರು.

ಬೆಳಕುವರ್ಷ

ನನ್ನದೊಂದು ತಕರಾರು ಇದೆ. ಗಂಡೂ ಅಲ್ಲ ಹೆಣ್ಣೂ ಅಲ್ಲ ಎನ್ನುವವರು, ಯಾರ ಮೇಲೂ ಆಸೆ ಹುಟ್ಟದವರು ಸೈ-ಫೈನಲ್ಲಿ ಬಂದರೆ ಹೆಚ್ಚಾಗಿ ರೋಬೋಟ್ ಆಗಿಯೋ ಬೇರೆ ಗ್ರಹದವರಾಗಿಯೋ ಬರುತ್ತಾರೆ. ನಾನು ಏಸೆಕ್ಷುವಲ್. ಚಿಕ್ಕಂದಿನಿಂದ ನನ್ನಂತೆ ಕಂಡವರೆಲ್ಲ ಯಂತ್ರಗಳೇ.

ಹಾಗಿದ್ದರೂ ಮಾರ್ಥಾ ವೆಲ್ಸ್ ಅವರ ಪುಸ್ತಕಗಳ ಕಾವಲು ಯಂತ್ರ ಮರ್ಡರ್‌ಬಾಟ್ ನನಗೆ ಜೀವ. 2017ರಲ್ಲಿ ಮೊದಲ ಪುಸ್ತಕ ಬಂತು. ತನ್ನನ್ನು ಕಟ್ಟಿಹಾಕಿದ್ದ ಸಾಫ್ಟ್‌ವೇರ್ ಮುರಿದು ಸ್ವತಂತ್ರವಾದ ಮೇಲೆ ಅದು ಮಾಡುವ ಕೆಲಸ ಅಂದರೆ ಧಾರಾವಾಹಿ ನೋಡುವುದು. ಮನುಷ್ಯ ಆಗಬೇಕು ಎಂಬ ಆಸೆ ಅದಕ್ಕೆ ಇಲ್ಲ. ಅದು ನನಗೆ ತುಂಬಾ ಹಿಡಿಸಿತು.

ಆದರೂ ಡಿಸ್ಕವರಿಯ ಮೂರನೇ ಸೀಸನ್‌ನಲ್ಲಿ (2020) ಏಡಿರಾ ಬಂದಾಗ ಬೇರೆಯೇ ಖುಷಿ. ಏಡಿರಾ ನಾನ್-ಬೈನರಿ, ಅಂದರೆ ಗಂಡೂ ಅಲ್ಲ ಹೆಣ್ಣೂ ಅಲ್ಲ ಎನ್ನುವವರು, ಆಡಿದ ಬ್ಲೂ ಡೆಲ್ ಬಾರಿಯೊ ಕೂಡ. ನನ್ನನ್ನು ‘ಅವಳು’ ಎನ್ನಬೇಡಿ ಎಂದು ಏಡಿರಾ ಸ್ಟಾಮೆಟ್ಸ್‌ಗೆ ಹೇಳುತ್ತಾರೆ. ಅವನು ಸರಿ ಎಂದು ಕೆಲಸ ಮುಂದುವರಿಸುತ್ತಾನೆ. ಏಡಿರಾ ಭೂಮಿಯವರು, ಮನುಷ್ಯರು. ನನಗೆ ಅದು ದೊಡ್ಡ ವಿಷಯ.

ಗುರುತ್ವ

ರಾತ್ರಿಪಾಳಿ ಅವರ ಬರಹ ಓದಿದ ಮೇಲೆ ಸ್ಟಾರ್ ಟ್ರೆಕ್‌ನದೇ ಡೀಪ್ ಸ್ಪೇಸ್ ನೈನ್ ಸೀರೀಸ್‌ನ ರೀಜಾಯ್ನ್ಡ್ ಮತ್ತೆ ನೋಡಿದೆ. 1995ರ ಎಪಿಸೋಡ್. ಮೊದಲು ನೋಡಿದಾಗ ಕೃತಕ ವರ್ಮ್‌ಹೋಲ್ ಪ್ರಯೋಗ ಮಾತ್ರ ನೆನಪಿನಲ್ಲಿ ಉಳಿದಿತ್ತು.

ಹೊಟ್ಟೆಯೊಳಗೆ ಇನ್ನೊಂದು ಜೀವಿಯನ್ನು ಇಟ್ಟುಕೊಂಡ ಟ್ರಿಲ್ ಜನರ ಕಥೆ. ಹಿಂದಿನ ದೇಹಗಳಲ್ಲಿ ಗಂಡ ಹೆಂಡತಿ ಆಗಿದ್ದವರು ಈಗ ಇಬ್ಬರು ಹೆಂಗಸರ ದೇಹದಲ್ಲಿ ಎದುರಾಗುತ್ತಾರೆ. ಹಳೇ ಸಂಬಂಧ ಮತ್ತೆ ಹಿಡಿಯಬಾರದು ಎಂಬುದು ಟ್ರಿಲ್ ಜನರ ನಿಯಮ. ಹಿಡಿದರೆ ಗಡಿಪಾರು. ಒಳಗಿನ ಜೀವಿ ಕೂಡ ಆ ದೇಹದ ಜೊತೆಗೇ ಸಾಯುತ್ತದೆ. ಇಡೀ ಎಪಿಸೋಡ್‌ನಲ್ಲಿ ಎಲ್ಲರ ಚಿಂತೆ ಈ ನಿಯಮದ್ದೇ. ಇಬ್ಬರೂ ಹೆಂಗಸರು ಎಂದು ಒಬ್ಬರೂ ಒಂದು ಮಾತು ಆಡುವುದಿಲ್ಲ. ಅಷ್ಟು ವರ್ಷದ ಹಿಂದೆ ನಾನೂ ಅದನ್ನು ಗಮನಿಸಿರಲಿಲ್ಲ. ಅಂದರೆ ಅವರು ಅಷ್ಟು ಚೆನ್ನಾಗಿ ಬರೆದಿದ್ದರು.

ಕೆಟ್ಟ ಬರಹವನ್ನು ಒಳ್ಳೆಯ ಉದ್ದೇಶ ಕಾಪಾಡಬಾರದು, ಈ ಮಾತು ಬಿಡುವುದಿಲ್ಲ. ‘ತುರುಕು’ ಅನ್ನುವ ಪದ ವಾಪಸ್ ತೆಗೆದುಕೊಳ್ಳುತ್ತೇನೆ.

ನಿಧಾನ ಓದುಗ

ತಡವಾಗಿ ಬಂದೆ. ಬೆಳಕುವರ್ಷ ಅವರ ‘ಅವಳು ಎನ್ನಬೇಡಿ’ ನೋಡಿ ಬರೆಯಬೇಕು ಅನಿಸಿತು. ನಾನು ಲೆ ಗ್ವಿನ್ ಅವರ ಆ ಕಾದಂಬರಿಯ ಕೆಲವು ಪುಟಗಳನ್ನು ನನಗಾಗಿ ಕನ್ನಡಕ್ಕೆ ಮಾಡಿಕೊಳ್ಳುತ್ತಿದ್ದೇನೆ. ಸರ್ವನಾಮದಲ್ಲಿ ಸಿಕ್ಕಿ ಬಿದ್ದಿದ್ದೇನೆ.

ಓದದವರಿಗೆ: ಗೆಥೆನ್ ಎಂಬ ಹಿಮದ ಗ್ರಹದಲ್ಲಿ ಯಾರಿಗೂ ಖಾಯಂ ಲಿಂಗ ಇಲ್ಲ. ತಿಂಗಳಿಗೆ ಕೆಲವು ದಿನ ಮಾತ್ರ ಗಂಡೋ ಹೆಣ್ಣೋ ಆಗುತ್ತಾರೆ. ಒಬ್ಬರೇ ಒಂದು ಮಗುವಿಗೆ ತಾಯಿ, ಇನ್ನೊಂದಕ್ಕೆ ತಂದೆ ಆಗಬಹುದು. ಲೆ ಗ್ವಿನ್ ಎಲ್ಲರನ್ನೂ ‘ಅವನು’ ಎಂದೇ ಬರೆದರು. 1976ರಲ್ಲಿ ಪ್ರಬಂಧ ಬರೆದು ಆ ಆಯ್ಕೆಯನ್ನು ಸಮರ್ಥಿಸಿಕೊಂಡರು. ಮುಂದೆ ಅದನ್ನೇ ಮತ್ತೆ ಪ್ರಕಟಿಸುವಾಗ ಟಿಪ್ಪಣಿ ಸೇರಿಸಿ, ಮನಸ್ಸು ಬದಲಾಗಿದೆ ಎಂದರು. ಆ ಜನರನ್ನು ಬರೀ ಗಂಡು ಹೆಣ್ಣಿನ ಜೋಡಿಗೆ ಕಟ್ಟಿಹಾಕಿದ್ದೂ ಬೇಕಿರಲಿಲ್ಲ ಎಂದು ಒಪ್ಪಿಕೊಂಡರು. ತನ್ನ ಅತಿ ದೊಡ್ಡ ಪುಸ್ತಕದ ಬಗ್ಗೆ ಹಾಗೆ ಬರೆಯಲು ಎಂಥ ಮನಸ್ಸು ಬೇಕು!

ಕನ್ನಡದಲ್ಲಿ ಕಷ್ಟ ದುಪ್ಪಟ್ಟು. ಬರೀ ಸರ್ವನಾಮ ಅಲ್ಲ, ಕ್ರಿಯಾಪದವೂ ಲಿಂಗ ಹೇಳಿಬಿಡುತ್ತದೆ. ಬಂದನು, ಬಂದಳು. ‘ಅವರು’ ಎಂದರೆ ಬಚಾವ್, ಇಲ್ಲಿ ನಾವೆಲ್ಲ ಒಬ್ಬರನ್ನೊಬ್ಬರು ಕರೆಯುತ್ತಿರುವ ಹಾಗೆ. ಆದರೆ ಅದರಲ್ಲಿ ಮರ್ಯಾದೆಯೂ ಬರುತ್ತದೆ, ದೂರವೂ ಬರುತ್ತದೆ. ಒಂದೇ ಟೆಂಟ್‌ನಲ್ಲಿ ಮಲಗಿ ಹಿಮಗಡ್ಡೆ ದಾಟುವ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರನ್ನು ಕಥೆ ಪೂರ್ತಿ ‘ಅವರು’ ಎನ್ನುವುದೇ? ಇನ್ನು ಗೆಥೆನ್‌ನ ಒಬ್ಬ ರಾಜನಿಗೆ ಬಸಿರು ನಿಂತ ವಿಷಯ. ಬಸುರಿ, ಗರ್ಭಿಣಿ, ಎರಡೂ ಹೆಣ್ಣು ಪದ.

ಹಳೇಪುಟ

‘ರಾಜರು ಬಸಿರಾಗಿದ್ದರು’ ಎನ್ನಿ. ಬಸಿರು ಎನ್ನುವ ಪದಕ್ಕೆ ಲಿಂಗ ಇಲ್ಲವಲ್ಲ. ಆ್ಯನ್ ಲೆಕಿ 2013ರ ಕಾದಂಬರಿಯಲ್ಲಿ ಎಲ್ಲರನ್ನೂ ‘ಅವಳು’ ಎಂದು ಬರೆದರು. ಅದೂ ಒಂದು ದಾರಿ, ಆದರೆ ಗೆಥೆನ್‌ಗೆ ಹೊಂದುವುದಿಲ್ಲ.

ರಾತ್ರಿಪಾಳಿ

ನನಗೆ ‘ಅವರು’ ಬೇಡ. ನನ್ನ ಗೆಳೆಯನನ್ನು ಬೇರೆಯವರ ಮುಂದೆ ಎಷ್ಟೋ ವರ್ಷ ‘ಅವರು’ ಎಂದೇ ಕರೆದೆ, ಯಾರಿಗೂ ಗೊತ್ತಾಗದಿರಲಿ ಎಂದು. ಆ ಪದದಲ್ಲಿ ನನಗೆ ಅಡಗಿಕೊಂಡ ದಿನಗಳು ಕೇಳಿಸುತ್ತವೆ. ಬೇರೆ ದಾರಿ ಇದೆಯಾ ನೋಡಿ.

ನಿಧಾನ ಓದುಗ

ಬಸಿರಿಗೆ ದಾರಿ ಸಿಕ್ಕಿತು, ಥ್ಯಾಂಕ್ಸ್. ರಾತ್ರಿಪಾಳಿ ಅವರ ಮಾತು ಓದಿದ ಮೇಲೆ ಬರೆದ ಪುಟಗಳನ್ನು ಹರಿದು ಹಾಕಿದೆ. ಒಂದು ವಾರ ಬೇರೆ ಥರ ಪ್ರಯತ್ನಿಸಿದೆ.

‘ಅವರು’ ಬಿಟ್ಟೆ, ಹೆಸರು ಇಟ್ಟುಕೊಂಡೆ. ಹಿಮಗಡ್ಡೆ ದಾಟುವ ಇಬ್ಬರಲ್ಲಿ ಗೆಥೆನ್‌ನವರ ಹೆಸರು ಎಸ್ತ್ರಾವೆನ್. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಭಾಷೆಯಲ್ಲಿ ಇಲ್ಲ ಎನ್ನುವಾಗ ಲಿಂಗ ಬರುವುದಿಲ್ಲ. ಬರಲಿಲ್ಲ, ಮಾತಾಡಲಿಲ್ಲ, ಒಪ್ಪುವುದಿಲ್ಲ. ‘ಬಾಗಿಲಲ್ಲಿ ನಿಂತದ್ದು ಎಸ್ತ್ರಾವೆನ್’ ಎಂದರೆ ಅಲ್ಲೂ ಇಲ್ಲ. ನಾನು ಎನ್ನುವಾಗಲೂ ಇಲ್ಲ, ಹಾಗಾಗಿ ಎಸ್ತ್ರಾವೆನ್ ದಿನಚರಿಯ ಅಧ್ಯಾಯಗಳಲ್ಲಿ ಬರೆಯುವವರ ಲಿಂಗ ಎಲ್ಲೂ ಹೇಳಬೇಕಾಗಿಲ್ಲ. ಇನ್ನು ಮೈಗೆ, ಮನಸ್ಸಿಗೆ ಆಗುವುದೆಲ್ಲ ನಮ್ಮಲ್ಲಿ ‘ಗೆ’ ಹಚ್ಚಿ ಹೇಳುವಂಥವು. ಎಸ್ತ್ರಾವೆನ್‌ಗೆ ಚಳಿ. ಎಸ್ತ್ರಾವೆನ್‌ಗೆ ಹಸಿವು. ಎಸ್ತ್ರಾವೆನ್‌ಗೆ ಗೊತ್ತಿತ್ತು. ಎಸ್ತ್ರಾವೆನ್‌ಗೆ ಇಷ್ಟ.

ಅವರಿಬ್ಬರು ಹಿಮಗಡ್ಡೆ ದಾಟುವ ಭಾಗದಲ್ಲಿ ಹೆಚ್ಚಾಗಿ ಇರುವುದು ಇವೇ, ಚಳಿ, ಹಸಿವು, ಆಯಾಸ, ಭಯ. ಅದಕ್ಕೇ ಮೊದಲಿಂದ ಬಿಟ್ಟು ಅಲ್ಲಿಂದಲೇ ಶುರು ಮಾಡಿದ್ದೇನೆ. ಆರು ಪುಟ ಆಗಿದೆ. ರಾತ್ರಿಪಾಳಿ ಅವರೇ, ಬಿಡುವಾದಾಗ ಓದಿ, ಎಲ್ಲಿ ಎಡವಿದ್ದೇನೆ ಹೇಳುತ್ತೀರಾ?

ರಾತ್ರಿಪಾಳಿ

ಕಳಿಸಿ. ಇವತ್ತೇ ಓದುತ್ತೇನೆ.